ಮನೆ ಜಗಳದಲ್ಲಿ ಕೊಲೆ: ಪೊಲೀಸರು ಕೇಸ್ ಕಟ್ಟುವುದು ಹೇಗೆ, ಅದು ಎಲ್ಲಿ ಬಿದ್ದುಹೋಗುತ್ತದೆ?

ಹೊಲದ ಬದು, ಮನೆ ಪಾಲು, ಸಾಲದ ದುಡ್ಡು, ಗಂಡ–ಹೆಂಡಿರ ಮನಸ್ತಾಪ. ಇಂಥ ಕಾರಣಕ್ಕೆ ಮನೆಯೊಳಗೇ ಕೊಲೆ ನಡೆದರೆ ಯಾರು ಮಾಡಿದ್ದು ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಮಾರನೇ ದಿನ ಆರೋಪಿ ಬಂಧನದ ಸುದ್ದಿಯೂ ಬರುತ್ತದೆ. ಕೆಲವು ವರ್ಷ ಕಳೆದು ಅದೇ ಆರೋಪಿ ಖುಲಾಸೆಯಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಣಿಸಿಕೊಂಡರೆ ‘ದುಡ್ಡು ನಡೀತು ಬಿಡಿ’ ಅನ್ನುವ ಮಾತು ಕೇಳಿಬರುತ್ತದೆ. ಎಷ್ಟೋ ಸಲ ಕಾರಣ ದುಡ್ಡಲ್ಲ. ಊರಿಗೆ ಗೊತ್ತಿದ್ದದ್ದನ್ನು ಕೋರ್ಟಿಗೆ ತೋರಿಸಲು ಬೇಕಾದ ಯಾವುದೋ ಒಂದು ಕೊಂಡಿ ಸಿಕ್ಕಿರುವುದಿಲ್ಲ.

ಮೊದಲ ಕೆಲವು ಗಂಟೆ

ಸಾವು ಕೊಲೆಯೋ, ಆತ್ಮಹತ್ಯೆಯೋ ಸ್ಪಷ್ಟವಿಲ್ಲದಿದ್ದರೆ ಠಾಣೆಯಲ್ಲಿ ಮೊದಲು ಅಸಹಜ ಸಾವು, ಅಂದರೆ ಯುಡಿಆರ್ ದಾಖಲಾಗುತ್ತದೆ. ‘ಕೇಸ್ ಮುಚ್ಚಿಹಾಕಿದರು’ ಅಂತ ಜನ ಗಲಾಟೆ ಮಾಡುವುದು ಇಲ್ಲೇ. ಮರಣೋತ್ತರ ಪರೀಕ್ಷೆಯಲ್ಲಿ ಅನುಮಾನ ಬಂದರೆ ಅದೇ ಪ್ರಕರಣ ಕೊಲೆ ಕೇಸಾಗಿ ಬದಲಾಗುತ್ತದೆ. ನೇಣು ಹಾಕಿಕೊಂಡವರ ಕುತ್ತಿಗೆಯ ಗುರುತಿಗೂ ಹಗ್ಗ ಬಿಗಿದು ಕೊಂದವರ ಕುತ್ತಿಗೆಯ ಗುರುತಿಗೂ ವ್ಯತ್ಯಾಸ ಇರುತ್ತದೆ. ಬೆಂಕಿ ಹತ್ತಿದಾಗ ಜೀವ ಇತ್ತೇ ಅನ್ನುವುದನ್ನು ಶ್ವಾಸನಾಳದೊಳಗಿನ ಮಸಿ ಹೇಳುತ್ತದೆ. ವಿಷದ ಅನುಮಾನವಿದ್ದರೆ ಒಳಾಂಗಗಳ ಭಾಗ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಆ ವರದಿ ಬರುವವರೆಗೆ ವೈದ್ಯರು ಅಂತಿಮ ಅಭಿಪ್ರಾಯ ಕೊಡುವುದಿಲ್ಲ.

2024ರ ಜುಲೈ 1ರ ನಂತರದ ಕೊಲೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103 ಅನ್ವಯಿಸುತ್ತದೆ. ಹಳೆಯ 302 ಇದೇ. ಸಾಕ್ಷ್ಯ ನಾಶಕ್ಕೆ 238, ಒಳಸಂಚಿಗೆ 61 ಸೇರಿಕೊಳ್ಳುತ್ತವೆ.

ದಾಯಾದಿ ಜಗಳದಲ್ಲಿ ದೂರು ತಡವಾದಷ್ಟೂ ಅದರಲ್ಲಿ ಹೆಸರು ಹೆಚ್ಚಾಗುವುದುಂಟು. ಹೊಡೆದವನು ಒಬ್ಬನಾದರೂ ಅಣ್ಣ, ಅತ್ತಿಗೆ, ಕಾಲೇಜಿಗೆ ಹೋಗುವ ಮಗ ಎಲ್ಲರೂ ಆರೋಪಿಗಳಾಗುತ್ತಾರೆ. ಸಿಟ್ಟಿನಲ್ಲಿ ಸೇರಿಸಿದ ಇಂಥ ಹೆಸರುಗಳೇ ಮುಂದೆ ನಿಜವಾದ ಆರೋಪಿಯ ವಕೀಲರಿಗೆ ಅಸ್ತ್ರ. ‘ಇವರೆಲ್ಲ ಅಲ್ಲಿರಲೇ ಇಲ್ಲ, ಹಾಗಾದರೆ ದೂರುದಾರರ ಮಾತು ಎಷ್ಟು ನಂಬೋಣ’ ಅನ್ನುವುದು ಪಾಟೀಸವಾಲಿನಲ್ಲಿ ಖಾಯಂ ಪ್ರಶ್ನೆ.

‘ತಪ್ಪೊಪ್ಪಿಕೊಂಡ’ ಅಂದರೆ ಮುಗೀತಾ?

ಮುಗಿಯಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಅನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23. ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಆರೋಪಿ ‘ಮಚ್ಚಿನಲ್ಲಿ ಹೊಡೆದೆ, ಬಾವಿ ಪಕ್ಕದ ಪೊದೆಯಲ್ಲಿ ಬಿಸಾಕಿದೀನಿ, ತೋರಿಸ್ತೀನಿ’ ಅಂದ ಅಂತಿಟ್ಟುಕೊಳ್ಳಿ. ಅಲ್ಲಿ ಮಚ್ಚು ಸಿಕ್ಕರೆ, ಅದನ್ನು ಅಡಗಿಸಿಟ್ಟ ಜಾಗದ ಬಗ್ಗೆ ಹೇಳಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ‘ಹೊಡೆದೆ’ ಅನ್ನುವುದು ಲೆಕ್ಕಕ್ಕಿಲ್ಲ. ಮಚ್ಚು ಎಲ್ಲಿದೆ ಅಂತ ಪೊಲೀಸರಿಗೆ ಮೊದಲೇ ಗೊತ್ತಿದ್ದರೆ ಅದೂ ಇಲ್ಲ.

ಆದ್ದರಿಂದಲೇ ಮಹಜರಿಗೆ ಅಷ್ಟು ಬೆಲೆ. ಮಚ್ಚು ಸಿಕ್ಕಾಗ ಪಕ್ಕದಲ್ಲಿ ನಿಂತು ನೋಡಿದ ಪಂಚರು ಮುಂದೆ ಕೋರ್ಟಿನಲ್ಲಿ ‘ಹೌದು, ನಮ್ಮೆದುರೇ ತೆಗೆದುಕೊಟ್ಟ’ ಅನ್ನಬೇಕು. ‘ಠಾಣೆಗೆ ಕರೆಸಿ ಸೈನ್ ಹಾಕಿಸಿಕೊಂಡರು’ ಅಂದುಬಿಟ್ಟರೆ ಆ ಕೊಂಡಿ ಸಡಿಲವಾಯಿತು. ಠಾಣೆ ಎದುರಿನ ಹೋಟೆಲಿನವರನ್ನೇ ಪ್ರತಿ ಕೇಸಿಗೂ ಪಂಚರಾಗಿ ಕರೆಯುವ ಅಭ್ಯಾಸ ತನಿಖೆಗೆ ಒಳ್ಳೆಯದು ಮಾಡುವುದಿಲ್ಲ. ಹೊಸ ಕಾಯ್ದೆಯಲ್ಲಿ ಶೋಧನೆ, ಜಪ್ತಿಯನ್ನು ಮೊಬೈಲಿನಲ್ಲಾದರೂ ವಿಡಿಯೊ ಮಾಡಬೇಕು ಎಂಬ ನಿಯಮ ಬಂದಿದೆ.

ಎರಡು ಪ್ರಕರಣ, ಎರಡು ಫಲಿತಾಂಶ

ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರಿಂದ 1991ರ ಮೇ ತಿಂಗಳಲ್ಲಿ ಶಕೇರೆ ಖಲೀಲಿ ಕಾಣೆಯಾದರು. ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು, ದೊಡ್ಡ ಆಸ್ತಿವಂತೆ. ಎರಡನೇ ಪತಿ ಸ್ವಾಮಿ ಶ್ರದ್ಧಾನಂದ ಅಲಿಯಾಸ್ ಮುರಳಿ ಮನೋಹರ ಮಿಶ್ರಾ ಕೇಳಿದವರಿಗೆಲ್ಲ ಒಂದೊಂದು ನೆಪ ಹೇಳುತ್ತ ಬಂದ. ತಾಯಿಗಾಗಿ ಹುಡುಕಿ ಸಾಕಾಗಿ ಮಗಳು 1992ರಲ್ಲಿ ದೂರು ಕೊಟ್ಟರು. 1994ರ ಮಾರ್ಚ್‌ನಲ್ಲಿ, ಆತನೇ ತೋರಿಸಿದ ಜಾಗದಲ್ಲಿ, ಅದೇ ಮನೆಯ ಅಂಗಳ ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು.

ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇರಲಿಲ್ಲ. ತನಿಖಾಧಿಕಾರಿಗಳು ಒಂದೊಂದೇ ಜೋಡಿಸುತ್ತ ಹೋದರು. ಪೆಟ್ಟಿಗೆ ಮಾಡಿಸಿದ್ದು ಆತ. ಗುಂಡಿ ತೋಡಿಸಿದ್ದೂ ಆತ. ಆಸ್ತಿಯ ಜನರಲ್ ಪವರ್ ಆಫ್ ಅಟಾರ್ನಿ ಇದ್ದದ್ದು ಆತನ ಹೆಸರಿನಲ್ಲಿ. ಅಸ್ಥಿಯ ಜತೆ ಸಿಕ್ಕ ಒಡವೆಗಳನ್ನು ಶಕೇರೆಯವರ ತಾಯಿ ಗುರುತಿಸಿದರು. ತಲೆಬುರುಡೆಯನ್ನು ಫೋಟೊ ಜತೆ ಹೋಲಿಸಲಾಯಿತು, ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಅಗೆದು ತೆಗೆದದ್ದನ್ನು ವಿಡಿಯೊ ಮಾಡಿದ್ದೂ ಉಪಯೋಗಕ್ಕೆ ಬಂತು. 2005ರಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವ ಇರುವವರೆಗೂ ಜೈಲು ಎಂದು ಬದಲಾಯಿಸಿತು. ಆತನೇ ಕೊಂದಿದ್ದು ಅನ್ನುವುದರಲ್ಲಿ ಯಾವ ಕೋರ್ಟಿಗೂ ಅನುಮಾನ ಉಳಿಯಲಿಲ್ಲ.

ಇನ್ನೊಂದು ಪುಣೆಯದು. 1982ರಲ್ಲಿ, ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಹೆಣ್ಣುಮಗಳು ಗಂಡನ ಮನೆಯಲ್ಲಿ ಸೈನೈಡ್‌ನಿಂದ ಸತ್ತಳು. ಅಕ್ಕನಿಗೆ, ಗೆಳತಿಗೆ ಬರೆದ ಪತ್ರಗಳಲ್ಲಿ ಸಂಕಟ ತೋಡಿಕೊಂಡಿದ್ದಳು. ಕೆಳ ಕೋರ್ಟ್ ಗಂಡನಿಗೆ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆಕೆಯೇ ವಿಷ ತೆಗೆದುಕೊಂಡಿರಬಹುದು ಅನ್ನುವ ಸಾಧ್ಯತೆಯನ್ನು ತನಿಖೆ ತಳ್ಳಿಹಾಕಿರಲಿಲ್ಲ. ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣ ಎಂದು ಹೆಸರಾದ ಈ ತೀರ್ಪನ್ನು ಸಾಂದರ್ಭಿಕ ಸಾಕ್ಷ್ಯದ ಕೊಲೆ ಕೇಸುಗಳಲ್ಲಿ ವಕೀಲರು ಇವತ್ತಿಗೂ ಎತ್ತುತ್ತಾರೆ. ಪ್ರತಿ ಕೊಂಡಿಯೂ ಸಾಬೀತಾಗಬೇಕು, ಎಲ್ಲ ಸೇರಿ ಆರೋಪಿಯನ್ನೇ ತೋರಿಸಬೇಕು, ಬೇರೆ ವಿವರಣೆಗೆ ಜಾಗ ಇರಬಾರದು. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಜಾಗಕ್ಕೆ ಬರುವುದಿಲ್ಲ.

ಹಾಗಂತ ಮನೆಯೊಳಗೆ ಕೊಂದವನು ಸುಮ್ಮನೆ ಬಾಯಿ ಮುಚ್ಚಿಕೊಂಡು ಪಾರಾಗಲಿ ಅಂತ ಕಾನೂನು ಹೇಳುವುದಿಲ್ಲ. ರಾತ್ರಿ ಮನೆಯಲ್ಲಿದ್ದದ್ದು ಇಬ್ಬರೇ, ಬೆಳಿಗ್ಗೆ ಒಬ್ಬರ ಹೆಣ. ಇನ್ನೊಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರೇ ವಿವರಿಸಬೇಕು ಅನ್ನುತ್ತದೆ ಕಲಂ 109. ಆದರೆ ಆ ರಾತ್ರಿ ಆತ ಮನೆಯಲ್ಲೇ ಇದ್ದ ಅನ್ನುವುದನ್ನು ಮೊದಲು ಪೊಲೀಸರು ತೋರಿಸಬೇಕು.

ಅಂಗಡಿಯವರ ಪಾತ್ರ

ಅದನ್ನು ತೋರಿಸುವವರು ಅನೇಕ ಸಲ ಮುಖ್ಯ ರಸ್ತೆಯ ಅಂಗಡಿಯವರು. ಮೊಬೈಲ್ ಟವರ್ ದಾಖಲೆ ಫೋನ್ ಯಾವ ಪ್ರದೇಶದಲ್ಲಿತ್ತು ಅಂತ ಹೇಳುತ್ತದೆ, ಯಾರ ಕೈಯಲ್ಲಿತ್ತು ಅಂತ ಹೇಳುವುದಿಲ್ಲ. ಬೇಕರಿಯ ಸಿಸಿಟಿವಿಯಲ್ಲಿ ಬೈಕ್ ಹಾದುಹೋದದ್ದು, ಗೊಬ್ಬರದಂಗಡಿಯ ಕೀಟನಾಶಕದ ಬಿಲ್, ಫೋನ್‌ಪೇ ಹಣ ಬಂದ ಸಮಯ ಇವೆಲ್ಲ ಆ ಖಾಲಿ ಜಾಗ ತುಂಬುತ್ತವೆ. ಡಿವಿಆರ್‌ನ ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಹತ್ತಿರದಲ್ಲಿ ಘಟನೆ ನಡೆದದ್ದು ಗೊತ್ತಾದರೆ ಪೊಲೀಸರು ಬರುವ ಮುನ್ನವೇ ಆ ದಿನದ ದೃಶ್ಯ ಉಳಿಸಿಡುವುದು ಲೇಸು. ಕ್ಯಾಮೆರಾದ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಅದನ್ನೂ ಮಹಜರಿನಲ್ಲಿ ಬರೆಸಬೇಕು. ದೃಶ್ಯದ ನಕಲನ್ನು ಕೋರ್ಟಿಗೆ ಕೊಡುವಾಗ ಕಲಂ 63ರ ಪ್ರಮಾಣಪತ್ರ ಬೇಕು. ಅದಿಲ್ಲದೆ ಒಳ್ಳೆಯ ದೃಶ್ಯವೂ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಸಾಕ್ಷಿಯಾಗಿ ಕರೆದಾಗ ಮಹಿಳೆಯರು, 60 ದಾಟಿದವರು ಠಾಣೆಗೆ ಹೋಗಬೇಕಿಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಮಹಜರಿಗೆ ಸಹಿ ಬೇಕು, ಓದಿ ನೋಡಿಯೇ ಹಾಕಬೇಕು.

ರಾಜಿ ಪಂಚಾಯ್ತಿ

ಮನೆ ಕೊಲೆ ಕೇಸು ಹೆಚ್ಚಾಗಿ ಬೀಳುವುದು ಇಲ್ಲಿ. ಸತ್ತವನೂ ಮಗ, ಕೊಂದವನೂ ಮಗ ಆದಾಗ ತಾಯಿ ಏನು ಸಾಕ್ಷಿ ಹೇಳಿಯಾಳು? ಕಾಲ ಕಳೆದಂತೆ ಹಿರಿಯರು ಕೂತು, ಜಮೀನು ಮಾತಾಡಿ, ‘ಇನ್ನು ಸಾಕು’ ಅನ್ನುತ್ತಾರೆ. ಕೊಲೆ ಕೇಸಿನಲ್ಲಿ ಕಾನೂನು ಪ್ರಕಾರ ರಾಜಿಗೆ ಅವಕಾಶವಿಲ್ಲ. ಆದರೂ ಸಾಕ್ಷಿಗಳು ಕಟಕಟೆಯಲ್ಲಿ ‘ನನಗೇನೂ ಗೊತ್ತಿಲ್ಲ’ ಅನ್ನುವುದು ತಪ್ಪಿಲ್ಲ. ಇದು ಗೊತ್ತಿರುವ ತನಿಖಾಧಿಕಾರಿ ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಬೇಗನೆ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸುತ್ತಾರೆ. ಕೊಲೆಯಂಥ ಅಪರಾಧದಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ದಾಖಲಿಸಲೇಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183 ಹೇಳುತ್ತದೆ.

ಆರೋಪಿ ಜೈಲಿನಲ್ಲಿದ್ದರೆ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಬೇಕು. ತಪ್ಪಿದರೆ ಜಾಮೀನು ಕೇಳುವುದು ಆತನ ಹಕ್ಕಾಗುತ್ತದೆ. ಇದೇ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು ದೂರುದಾರರಿಗೂ ತಿಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.