ಹದಿನಾಲ್ಕು ಪದಗಳ ಅಳತೆ: ಸಂಶೋಧನಾ ಪತ್ರಿಕೆಗಳು ಮತ್ತು ಕೃತಿಚೌರ್ಯ ಪರಿಶೀಲನೆಯ ಚರಿತ್ರೆ

ಸಂಶೋಧನಾ ಪತ್ರಿಕೆಗಳು ಕೃತಿಚೌರ್ಯವನ್ನು ಎದುರಿಸಿದ ಬಗೆಯ ಚರಿತ್ರೆಯು 'ಪದ' ಎಂಬ ಘಟಕಕ್ಕೆ ಕ್ರಮೇಣ ದೊರೆತ ಅಧಿಕಾರದ ಚರಿತ್ರೆಯೂ ಹೌದು. ಈ ಅಧಿಕಾರವು ಕನ್ನಡದ ರಚನೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ.

1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯನ್ನು ಆರಂಭಿಸಿದಾಗ ಮುಖ್ಯವಾಗಿದ್ದುದು ಶೋಧವನ್ನು ಮೊದಲು ಮಾಡಿದವರು ಯಾರು ಎಂಬ ಪ್ರಶ್ನೆ. ಅಲ್ಲಿ ರಕ್ಷಣೆ ಬೇಕಿದ್ದುದು ವಿಚಾರಕ್ಕೆ, ವಾಕ್ಯಕ್ಕಲ್ಲ. 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸ್ಥಾಪಿಸಿದ ಪ್ರಕಟಣಾ ನೀತಿ ಸಮಿತಿಯು (ಕೋಪ್) ಮುಂದೆ ಸಂಪಾದಕರಿಗೆ ಒಂದು ಕ್ರಮವನ್ನು ರೂಪಿಸಿಕೊಟ್ಟಿತು: ಸಂಶಯ ಬಂದರೆ ಸಾಕ್ಷ್ಯದೊಂದಿಗೆ ಲೇಖಕರ ವಿವರಣೆ ಕೇಳುವುದು, ಅಲ್ಪ ಪ್ರಮಾಣದ್ದಾದರೆ ತಿದ್ದಿಸುವುದು, ಗಂಭೀರವಾಗಿದ್ದು ವಿವರಣೆ ತೃಪ್ತಿಕರವಲ್ಲದಿದ್ದರೆ ಹಸ್ತಪ್ರತಿಯನ್ನು ನಿರಾಕರಿಸುವುದು, ಅಗತ್ಯವೆನಿಸಿದರೆ ಅವರ ಸಂಸ್ಥೆಗೆ ತಿಳಿಸುವುದು. ಇಲ್ಲಿ ತೀರ್ಪುಗಾರ ಇನ್ನೂ ಓದುಗನೇ.

2008ರಲ್ಲಿ ಕ್ರಾಸ್‌ರೆಫ್ ಸಂಸ್ಥೆಯು 'ಕ್ರಾಸ್‌ಚೆಕ್' ಸೇವೆಯನ್ನು ಆರಂಭಿಸಿದ ಮೇಲೆ ಪ್ರಕಾಶಕರು ಹಸ್ತಪ್ರತಿಗಳನ್ನು ಯಂತ್ರದ ಮೂಲಕ ಹೋಲಿಸತೊಡಗಿದರು. 2016ರಲ್ಲಿ ಈ ಸೇವೆಯ ಹೆಸರು 'ಸಿಮಿಲಾರಿಟಿ ಚೆಕ್' ಎಂದಾಯಿತು. ಹೊಸ ಹೆಸರು ಹೆಚ್ಚು ಪ್ರಾಮಾಣಿಕವಾದುದು. ಯಂತ್ರ ತೋರಿಸುವುದು ಸಾಮ್ಯವನ್ನು, ಚೌರ್ಯವನ್ನಲ್ಲ. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಈ ಸಾಮ್ಯವನ್ನೇ ಶ್ರೇಣೀಕರಿಸಿತು: ಶೇ. 10ರವರೆಗೆ ದಂಡನೆಯಿಲ್ಲ, 10ರಿಂದ 40, 40ರಿಂದ 60, ಅದಕ್ಕೂ ಮೇಲೆ ಎಂಬಂತೆ ದಂಡನೆ ಏರುತ್ತದೆ. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ, ಸತತ 14 ಪದಗಳವರೆಗಿನ ಅಂಶಗಳನ್ನು ಎಣಿಕೆಯಿಂದ ಬಿಡಬೇಕೆಂದೂ ಅದು ಹೇಳುತ್ತದೆ.

ಆದರೆ ಯಾವ ಭಾಷೆಯ 14 ಪದಗಳು? ಕನ್ನಡದ 'ಮನೆಯಲ್ಲಿಲ್ಲದಿದ್ದರೆ' ಎಂಬುದು ಬರಹದಲ್ಲಿ ಒಂದು ಪದ. ಸಂಧಿ ಬಿಡಿಸಿ 'ಮನೆಯಲ್ಲಿ ಇಲ್ಲದೆ ಇದ್ದರೆ' ಎಂದು ಬರೆದರೆ ಮೂರು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಹಲವು ಪದಗಳು ಬೇಕು. ಹಾಗಾಗಿ ಒಂದೇ ಮಿತಿಯೊಳಗೆ ಕನ್ನಡದಲ್ಲಿ ಹೆಚ್ಚಿನ ವಸ್ತು ಅಡಗಬಲ್ಲದು. ಪದರೂಪಗಳನ್ನು ಯಥಾವತ್ತಾಗಿ ಹೋಲಿಸುವ ಯಾವುದೇ ವಿಧಾನವನ್ನು ಸಂಧಿ ಬಿಡಿಸಿ ಅಥವಾ ಪ್ರತ್ಯಯ ಬದಲಿಸಿ ತಪ್ಪಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ, ಹಲವರು ಬಳಸಿದ ಶಾಸನಪಾಠವನ್ನು ಪ್ರಾಮಾಣಿಕವಾಗಿ ಉದ್ಧರಿಸಿದ ಪ್ರಬಂಧದಲ್ಲಿ, ಉದ್ಧರಣೆಗಳನ್ನು ಹೊರಗಿಡದಿದ್ದರೆ, ಶೇಕಡಾವಾರು ಏರುತ್ತದೆ. ಆಗ ಪೆಟ್ಟು ತಿನ್ನುವವನು ನಿರಪರಾಧಿಯಾದ ಸಂಶೋಧನಾರ್ಥಿ.

ಹತ್ತನೆಯ ಶತಮಾನದ ಹೊತ್ತಿಗೆ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಬೇರೆಬೇರೆಯಾಗಿ ಚರ್ಚಿಸಿದ್ದನು. ಅವನ ವಿಷಯ ಕಾವ್ಯವಾದರೂ ಆ ವಿಂಗಡಣೆ ನಮಗೆ ಉಪಯುಕ್ತ. ಪದಸಾಮ್ಯದ ಎಣಿಕೆಗೆ ಸಿಗುವುದು ಶಬ್ದಹರಣ ಮಾತ್ರ. ಇಂಗ್ಲಿಷ್ ಲೇಖನವೊಂದರ ವಾದವನ್ನು ಮೂಲ ಹೇಳದೆ ಕನ್ನಡಕ್ಕೆ ತಂದರೆ ಆ ಎಣಿಕೆಯಲ್ಲಿ ಅದು ಸ್ವತಂತ್ರ ಕೃತಿಯಾಗಿಯೇ ಉಳಿಯುತ್ತದೆ. ಭಾಷಾವಿಜ್ಞಾನದಲ್ಲಿ ಇನ್ನೊಂದು ಹರಣವೂ ಉಂಟು: ಬೇರೊಬ್ಬರು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಉದಾಹರಣಾ ವಾಕ್ಯವನ್ನು ಹೆಸರಿಲ್ಲದೆ ಬಳಸುವುದು. ವಾಕ್ಯ ಚಿಕ್ಕದಾದಷ್ಟೂ ಅದು 14 ಪದಗಳ ಮಿತಿಯೊಳಗೇ ಉಳಿದುಬಿಡುತ್ತದೆ.

ಸಾಮ್ಯದ ವರದಿಯನ್ನು ತೊರೆಯಬೇಕೆಂದು ನಾವು ವಾದಿಸುತ್ತಿಲ್ಲ. ಅದು ವಿಚಾರಣೆಯ ಆರಂಭವಾಗಲಿ, ತೀರ್ಪಾಗದಿರಲಿ. ದ್ವಿಭಾಷಾ ಪತ್ರಿಕೆಯ ಪರಿಶೀಲಕರು ಎರಡೂ ಭಾಷೆಗಳ ಸಾಹಿತ್ಯವನ್ನು ಬಲ್ಲವರು. ಈ ವಾದ ಎಲ್ಲಿಂದ ಬಂದಿತು, ಈ ವಾಕ್ಯವನ್ನು ಯಾರು ಯಾರಿಂದ ಸಂಗ್ರಹಿಸಿದರು ಎಂಬ ಎರಡು ಪ್ರಶ್ನೆಗಳು ಅವರ ವರದಿಯ ನಮೂನೆಯಲ್ಲಿಯೇ ಇರಬೇಕು.