ಗಡಿಸೀಮೆಯ ಹಳೆ ಬಟ್ಟೆ

ದಾನವಾಗಿ ಬಂದ ಹಳೆ ಬಟ್ಟೆಯನ್ನು ಮಾರಿ, ಆ ಹಣದಿಂದ ಬಡವರಿಗೆ ನೆರವಾಗುವ ಅಂಗಡಿಗಳು ಬ್ರಿಟನ್ನಿನ ಊರೂರಲ್ಲೂ ಇವೆ. ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿ ವಸ್ತ್ರದಾನವೆಂದರೆ ಹೊಸ ಬಟ್ಟೆಯ ದಾನ. ಉಟ್ಟು ಬಿಟ್ಟದ್ದಕ್ಕೆ ಬೇರೆ ದಾರಿಗಳಿದ್ದವು.

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು; ಕನ್ನಡ, ಮರಾಠಿ ಎರಡೂ ಮನೆಮಾತು. ಅಲ್ಲಿ ಹಳೆ ಬಟ್ಟೆಯ ಮೊದಲ ದಾರಿ ಮನೆಯೊಳಗೇ ಇತ್ತು. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದರೆ ಕೌದಿ. ಉತ್ತರ ಕರ್ನಾಟಕದಲ್ಲಿ ಗೊಂಧಳಿ ಹೆಂಗಸರು ಕೂಲಿಗೆ ಕೌದಿ ಹೊಲಿಯುತ್ತ ಊರೂರು ತಿರುಗಿದರು. ನೂರಾರು ಮನೆಗಳನ್ನು ಚಳಿಯಿಂದ ಕಾಪಾಡಿದ ಆ ಕೈಗಳ ಹೆಸರು ಯಾವ ದಫ್ತರದಲ್ಲೂ ಸೇರಲಿಲ್ಲ.

ಎರಡನೆಯ ದಾರಿ ಭಾಂಡೆಯ ವ್ಯಾಪಾರ. ಬುಟ್ಟಿಯಲ್ಲಿ ಪಾತ್ರೆ ಹೊತ್ತು ಬಂದು, ಹಳೆ ಬಟ್ಟೆಗೆ ಬದಲಾಗಿ ಕೊಡುವವಳನ್ನು ಮಹಾರಾಷ್ಟ್ರದಲ್ಲಿ ಬೋಹಾರಿಣ್ ಎನ್ನುತ್ತಾರೆ. ಗುಜರಾತ್ ಮೂಲದ ದೇವಿಪೂಜಕ ಸಮುದಾಯದವರು ಇದೇ ಕಸುಬನ್ನು ಅಹಮದಾಬಾದ್, ಮುಂಬಯಿ, ದೆಹಲಿಗಳಲ್ಲಿ ದೊಡ್ಡ ಪೇಟೆಯಾಗಿ ಬೆಳೆಸಿದರು. ಹೊಸ್ತಿಲಲ್ಲಿ ನಡೆಯುವ ಚೌಕಾಸಿಯ ಹಿಂದೆ ನಿಖರವಾದ ಲೆಕ್ಕವಿದೆ. ಗಟ್ಟಿಯಿರುವುದನ್ನು ತೊಳೆದು, ತೇಪೆ ಹಾಕಿ ಸಂತೆಯಲ್ಲಿ ಮಾರುತ್ತಾರೆ. ಅಸಲಿ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಉಳಿದ ಹತ್ತಿಯ ಚಿಂದಿ ಯಂತ್ರ ಒರೆಸಲು ಕಾರ್ಖಾನೆಗೆ ಹೋಗುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ಕಡಿಮೆ. ಪಾಲಿಯೆಸ್ಟರ್ ಸೀರೆಗಳು ಹೆಚ್ಚಿದಂತೆ ಚಿಂದಿಯ ಬೆಲೆಯೂ ಕುಗ್ಗಿತು.

ಬ್ರಿಟನ್ನಿನ ದಾನದ ಅಂಗಡಿಗಳ ಸರಕೂ ಕೊನೆಗೆ ಭಾರತ ಮುಟ್ಟುತ್ತದೆ. ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟಿನಲ್ಲಿ ತೆರೆದ ಅಂಗಡಿ ಇವುಗಳಿಗೆ ಮಾದರಿಯಾಯಿತು. ಇಂಥ ಅಂಗಡಿಗಳಲ್ಲಿ ಬಿಕರಿಯಾಗದ ಬಟ್ಟೆ ತೂಕದ ಲೆಕ್ಕದಲ್ಲಿ ಸಗಟು ವ್ಯಾಪಾರಿಗಳ ಕೈಸೇರುತ್ತದೆ. ಅದರಲ್ಲೊಂದು ಪಾಲು ಕಾಂಡ್ಲಾದ ವಿಶೇಷ ಆರ್ಥಿಕ ವಲಯದಲ್ಲಿ ವಿಂಗಡಣೆಯಾಗುತ್ತದೆ. ಉಣ್ಣೆಯ ಉಡುಪುಗಳನ್ನು ಹರಿದು ನಾರು ಮಾಡಿ ಪಾಣಿಪತ್‌ನಲ್ಲಿ ಮತ್ತೆ ನೂಲುತ್ತಾರೆ. ಈ ವಿದ್ಯೆ 1813ರಲ್ಲಿ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಕಂಡುಹಿಡಿದದ್ದು. ಪಾಣಿಪತ್‌ನ ಅಗ್ಗದ ಕಂಬಳಿಗಳನ್ನು ಪರಿಹಾರ ಸಂಸ್ಥೆಗಳು ಸಗಟಾಗಿ ಕೊಳ್ಳುತ್ತವೆ.

ಅಂಥ ಪರಿಹಾರದ ಅಗತ್ಯವನ್ನು ಈ ಸೀಮೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಂಡಿತು. ಕಿಲ್ಲಾರಿ ಭೂಕಂಪದಲ್ಲಿ ಔಸಾ, ಉಮರ್ಗಾ, ನಿಲಂಗಾ ಭಾಗದ ಕಲ್ಲುಮಣ್ಣಿನ ಮನೆಗಳು ಕುಸಿದು ಸುಮಾರು 10,000 ಜನ ಸತ್ತರು. ಸಂಕಟದಲ್ಲಿ ಬಟ್ಟೆ ಕಳಿಸುವುದು ಒಳ್ಳೆಯ ಮನಸ್ಸಿನ ಕೆಲಸ, ಆದರೆ ವಿಂಗಡಿಸದ ರಾಶಿಯೇ ಹೊರೆಯಾಗುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಹಾಗೆ ಬಿದ್ದಿದ್ದ ಬಟ್ಟೆಯನ್ನು ಗೂಂಜ್ ಸಂಸ್ಥೆ ಆಯ್ದು ಬಳಕೆಗೆ ತಂದಿತು. ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಈ ಸಂಸ್ಥೆ ಬಟ್ಟೆಯನ್ನು ಬಿಟ್ಟಿ ಹಂಚುವುದಿಲ್ಲ. ಊರವರು ಬಾವಿ ತೋಡಿದರೆ, ರಸ್ತೆ ರಿಪೇರಿ ಮಾಡಿದರೆ ಅದಕ್ಕೆ ಪ್ರತಿಫಲವಾಗಿ ಕೊಡುತ್ತದೆ. ಉಡಲು ಬಾರದ ಹತ್ತಿಬಟ್ಟೆ ಅಲ್ಲಿ ಮುಟ್ಟಿನ ಪ್ಯಾಡ್ ಆಗುತ್ತದೆ.