ಒಣ ನೆಲ ಯಾರದು?

ಬರಕ್ಕೆ ಹೆಸರುಂಟು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ತಿಂದ ಬರಕ್ಕೆ ಧಾತು-ಈಶ್ವರದ ಬರ ಅಂತ ಸಂವತ್ಸರದ ಹೆಸರನ್ನೇ ಇಟ್ಟರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನ 1881ರ ಗಣತಿಯಲ್ಲಿ 42 ಲಕ್ಷವೂ ಇರಲಿಲ್ಲ. ಅದನ್ನು ಸರ್ಕಾರ ಬರೆಯಿತು, ಗೆಜೆಟಿಯರು ಬರೆಯಿತು, ಪಾಠದ ಪುಸ್ತಕವೂ ಬರೆಯಿತು. ಆದರೆ ಬೆಳೆ ಚೆನ್ನಾಗಿ ಬಂದು, ತೆನೆ ತೂಗಿ, ಕುಡುಗೋಲು ಹಾಕುವ ಹೊತ್ತಿಗೆ ಮಳೆ ಹಿಡಿದು ಕಣ್ಣೆದುರೇ ಕೊಳೆತುಹೋದ ವರ್ಷಗಳಿಗೆ ಹೆಸರಿಲ್ಲ. ಅವು ಯಾವ ಪುಸ್ತಕದಲ್ಲೂ ಅಧ್ಯಾಯವಾಗಲಿಲ್ಲ.

ಹೆಸರು ಇಟ್ಟುಕೊಂಡವರು ನಮ್ಮ ಕೇರಿಯವರು. ನನ್ನ ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. "ನಿಮ್ಮಪ್ಪ ಹುಟ್ಟಿದ್ದು ಮೆದೇಲಿ ರಾಗಿ ಮೊಳೆತ ವರ್ಷ" ಅನ್ನೋಳು. ಅವಳ ಪಂಚಾಂಗದಲ್ಲಿ ಅದು ದೊಡ್ಡ ಸಂಗತಿ. ಅವಳ ಮಾತನ್ನು ಇತಿಹಾಸ ಅಂತ ಒಪ್ಪಿಕೊಂಡು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಮಳೆ ಊರಿನ ಮೇಲೂ ಕೇರಿಯ ಮೇಲೂ ಒಂದೇ ಸಮ ಬೀಳುತ್ತದೆ. ಹಾಗಿದ್ದೂ ಯಾರ ರಾಗಿ ಒಣಗಿತು, ಯಾರ ರಾಗಿ ಮೊಳೆಯಿತು? ಇದು ಮಳೆಯ ಪ್ರಶ್ನೆ ಅಲ್ಲ. ಇದು ನೆಲದ ಪ್ರಶ್ನೆ. ಒಣ ನೆಲ ಯಾರ ಕೈಲಿತ್ತು ಅನ್ನೋ ಪ್ರಶ್ನೆ.

ಕೃಷಿ ನೋಡದ ಗೆಳೆಯರಿಗಾಗಿ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ಹಳೇ ಮೈಸೂರಿನ ಮಳೆಯಾಧಾರದ ಹೊಲಗಳಲ್ಲಿ ರಾಗಿ ಬಿತ್ತುವುದು ಆಷಾಢ-ಶ್ರಾವಣದಲ್ಲಿ, ಕುಯ್ಲು ಕಾರ್ತಿಕ-ಮಾರ್ಗಶಿರದಲ್ಲಿ. ಅಂದರೆ ನವೆಂಬರು-ಡಿಸೆಂಬರು. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದ ಹಿಂಗಾರು ಮಳೆ ಬರುತ್ತದೆ. ಚಿತ್ತೆ, ಸ್ವಾತಿ ಮಳೆ ತೆನೆಗೆ ಹಾಲು ಕಟ್ಟಿಸಿದರೆ ವಿಶಾಖೆ, ಅನುರಾಧೆ ಮಳೆ ಅದೇ ತೆನೆಯನ್ನು ಕೆಡಿಸಬಹುದು. ಕುಯ್ದ ಪೈರನ್ನು ಅರಿ ಅರಿಯಾಗಿ ಹೊಲದಲ್ಲೇ ಬಿಟ್ಟು ಒಣಗಿಸಬೇಕು. ಸಿವುಡು ಕಟ್ಟಬೇಕು. ತೆನೆ ಒಳಕ್ಕೆ, ಬುಡ ಹೊರಕ್ಕೆ ಇಟ್ಟು ಮೆದೆ ಒಟ್ಟಬೇಕು, ಮೇಲೆ ಬಿದ್ದ ನೀರು ಹುಲ್ಲಿನ ಮೇಲೇ ಜಾರಿಹೋಗಲಿ ಅಂತ. ಆಮೇಲೆ ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು, ಸಗಣಿ ಸಾರಿಸಿ ಕಣ ಮಾಡಬೇಕು. ಗುಂಡು ಹೊಡೆದು, ತೂರಿ, ರಾಶಿ ಮಾಡಬೇಕು. ಇಷ್ಟರಲ್ಲಿ ಯಾವ ಹಂತಕ್ಕೂ ಬಿಸಿಲು ಬೇಕು, ಜಾಗ ಬೇಕು. ಹಸಿ ಸಿವುಡನ್ನೇ ಮೆದೆ ಒಟ್ಟಿದರೆ ಒಳಗೆ ಕಾವು ಹುಟ್ಟುತ್ತದೆ. ಕೈ ಹಾಕಿದರೆ ಸುಡುತ್ತದೆ. ಬೂಷ್ಟು ಹಿಡಿಯುತ್ತದೆ, ಮೊಳೆಯುತ್ತದೆ. ಹಾಗೆ ಮೊಳೆತ ರಾಗಿಯ ಹಿಟ್ಟಿನಲ್ಲಿ ಮುದ್ದೆ ಕಟ್ಟುವುದಿಲ್ಲ. ಕೋಲು ತಿರುವಿದಷ್ಟೂ ಅಂಬಲಿಯಂತೆ ನೀರಾಗುತ್ತದೆ.

ಹೊಲದ ಯಜಮಾನನಿಗೆ ಕಣ ಇತ್ತು, ಕೊಟ್ಟಿಗೆ ಇತ್ತು, ಅಟ್ಟ ಇತ್ತು, ನೆಲದೊಳಗೆ ಹಗೇವು ಇತ್ತು. 1800-01ರಲ್ಲಿ ಟಿಪ್ಪು ಸತ್ತ ಮೇಲಿನ ಮೈಸೂರನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಪೆನಿ ಸರ್ಕಾರಕ್ಕಾಗಿ ಊರೂರಿನ ಬೆಳೆ, ಅಳತೆ, ಕಂದಾಯವನ್ನು ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಅನ್ನುವುದನ್ನೂ ಅವನು ಬರೆದ. ಹೌದು, ಕೆಡುವುದಿಲ್ಲ. ಆದರೆ ಹಗೇವಿಗೆ ಹಾಕುವ ಕಾಳು ಮೊದಲು ಚೆನ್ನಾಗಿ ಒಣಗಿರಬೇಕು. ಅದನ್ನು ಒಣಗಿಸಿದ ಕೈ ಯಾವುದು? ಹಗೇವಿನ ಬಾಯಿ ತೆಗೆದಾಗ ಒಳಗಿನ ಕೆಟ್ಟ ಗಾಳಿಗೆ ದೀಪ ಇಳಿಸಿ ನೋಡಿ, ಆಮೇಲೆ ಕೆಳಗಿಳಿದ ಮೈ ಯಾರದು? ನಮ್ಮ ಕಡೆ ಅದು ಆಳಿನ ಕೆಲಸ. ಆಳು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬುಕಾನನ್ ಬರೆದ ಇನ್ನೊಂದು ಸಂಗತಿ ಕಣದ ಹಂಚಿಕೆ. ರಾಶಿ ಅಳೆಯುವ ಮೊದಲೇ ದೇವರ ಪಾಲು, ಬ್ರಾಹ್ಮಣರ ಪಾಲು; ಕುಂಬಾರ, ಅಗಸ, ಕ್ಷೌರಿಕ, ಕಮ್ಮಾರ-ಬಡಗಿಯವರ ಪಾಲು; ಅಳೆಯುವವನಿಗೆ, ಶಾನುಭೋಗನಿಗೆ, ಗೌಡನಿಗೆ ಅವರವರ ಪಾಲು. ಮಿಕ್ಕಿದ್ದರಲ್ಲಿ ಸರ್ಕಾರಕ್ಕೂ ಒಕ್ಕಲಿಗೂ ಭಾಗ. ಕಣ ಅಂದರೆ ಬರೀ ಒಕ್ಕುವ ಜಾಗ ಅಲ್ಲ, ಅದು ಊರಿನ ಕಚೇರಿ. ಯಾರು ಮೇಲು, ಯಾರು ಕೀಳು ಅನ್ನೋದನ್ನ ಕೊಳಗದಲ್ಲಿ ಅಳೆದು ತೋರಿಸುವ ಜಾಗ. ತೋಟಿ, ತಳವಾರ, ಕುಳವಾಡಿಗಳೂ ಅಲ್ಲಿ ನಿಂತಿರುತ್ತಿದ್ದರು, ಕಣದ ಅಂಚಿನಲ್ಲಿ. ರಾಶಿ ಎತ್ತಿದ ಮೇಲೆ ತಳದಲ್ಲಿ ಸಗಣಿ-ಮಣ್ಣು ಬೆರೆತು ಉಳಿದ ಕಾಳನ್ನು ಗುಡಿಸಿಕೊಂಡು ಹೋಗುವುದನ್ನು ನನ್ನ ಅಜ್ಜಿ "ನಮ್ಮ ಹಕ್ಕು" ಅಂತಲೇ ಕರೀತಿದ್ದಳು. ಎಂಥ ಹಕ್ಕು ನೋಡಿ! ಒಣಗಿದ ವರ್ಷ ಆ ಕಾಳನ್ನು ಕೇರಿ, ತೊಳೆದು ತಿನ್ನಬಹುದು. ಮಳೆ ಹಿಡಿದ ವರ್ಷ ಕಣದ ತಳ ಅಂದರೆ ಕೆಸರು. ಮೇಲಿನ ಕಾಳು ಮೇಲಿನವರಿಗೆ, ಕೆಸರಿನ ಕಾಳು ಕೇರಿಗೆ.

ಇದು ನಮ್ಮ ಸೀಮೆಯ ಕಥೆ ಮಾತ್ರ ಅಲ್ಲ. ಉತ್ತರ ಭಾರತದ ಒಂದು ಪದ್ಧತಿಯನ್ನು ಡಾ. ಅಂಬೇಡ್ಕರ್ ದಾಖಲಿಸಿದ್ದಾರೆ. ಕಣದಲ್ಲಿ ಪೈರು ತುಳಿಯುವ ಎತ್ತುಗಳು ತುಳಿಯುತ್ತಲೇ ತೆನೆಯನ್ನೂ ತಿನ್ನುತ್ತವೆ. ಮಾರನೆಯ ದಿನ ಅವುಗಳ ಸಗಣಿಯಲ್ಲಿ ಅರಗದ ಕಾಳು ಬರುತ್ತದೆ. ಆ ಸಗಣಿಯನ್ನು ಸೋಸಿ ತೆಗೆದ ಕಾಳನ್ನು ಅಸ್ಪೃಶ್ಯ ಆಳುಗಳಿಗೆ ಕೂಲಿಯಾಗಿ ಕೊಡುತ್ತಿದ್ದರು. ಅದರ ಹೆಸರು ಗೋಬರಹ. ಅವರು ಅದನ್ನು ಒಣಗಿಸಿ, ಬೀಸಿ, ರೊಟ್ಟಿ ಮಾಡಿಕೊಳ್ಳಬೇಕಿತ್ತು. ದುಡಿದವನಿಗೆ ಸಿಕ್ಕಿದ್ದು ಎತ್ತು ತಿಂದು ಬಿಟ್ಟದ್ದು, ಅದೂ ಹಸಿ.

ಮುಂಬೈ ಪ್ರಾಂತ್ಯದಲ್ಲಿ ಈ ಕಾಳಿನ ಗುಲಾಮಗಿರಿಗೆ ಕಾನೂನಿನ ಮುದ್ರೆಯೇ ಇತ್ತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ವತನದಾರಿಕೆಯನ್ನು ಕಟ್ಟಿಹಾಕಿತ್ತು. ಆಗ ಆ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರದ ಹಳ್ಳಿಗಳೂ ಅದರ ಕೆಳಗೇ ಇದ್ದವು. ಹಗಲು ರಾತ್ರಿ ಸರ್ಕಾರದ ಚಾಕರಿ ಮಾಡುವ ಮಹಾರ ವತನದಾರನಿಗೆ ಸರ್ಕಾರ ಕೊಡುತ್ತಿದ್ದದ್ದು ತುಂಡು ಇನಾಮು ಭೂಮಿ ಮತ್ತು ಪುಡಿಗಾಸು. ಉಳಿದದ್ದು ರೈತರು ಕಣದಲ್ಲಿ ಅಳೆದು ಕೊಡುವ ಬಲುತೆ ಕಾಳು. ರೈತನ ಮನಸ್ಸು ಕೆಟ್ಟರೆ ಅದೂ ಇಲ್ಲ. 1928ರಲ್ಲಿ ಅಂಬೇಡ್ಕರ್ ಮುಂಬೈ ಶಾಸನಸಭೆಯಲ್ಲಿ ಈ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದರು. ಅವರು ಕಣದ ಅಂಚಿನಲ್ಲಿ ನಿಂತಿದ್ದವನನ್ನು ಕಣದಿಂದಲೇ ಬಿಡಿಸಬೇಕು ಅಂದುಕೊಂಡವರು.

ಆ ಬಿಡುಗಡೆ ನಮ್ಮಲ್ಲಿ ತಡವಾಗಿ ಬಂತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ 1961ರದ್ದು, ಜಾರಿಯಾದದ್ದು 1963ರ ಫೆಬ್ರವರಿಯಲ್ಲಿ. 1974ರ ಮಾರ್ಚಿನಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಒಡೆಯನಾದ. ಇದು ಸಣ್ಣ ಮಾತಲ್ಲ. 1976ರಲ್ಲಿ ಜೀತ ರದ್ದತಿ ಕಾಯಿದೆ, 1978ರಲ್ಲಿ ಪರಿಶಿಷ್ಟರ ಮಂಜೂರಾತಿ ಜಮೀನು ಕೈಬಿಡದಂತೆ ಕಾಯುವ ಕಾಯಿದೆ ಬಂದವು. ಒಂದೊಂದಕ್ಕೂ ನಾವು ಋಣಿಗಳೇ. ಆದರೆ ಗೇಣಿ ಚೀಟಿ ಇದ್ದವನಿಗೆ ಭೂಮಿ ಸಿಕ್ಕಿತು, ಬರೀ ಕೈ ಇದ್ದವನಿಗೆ ಸಿಗಲಿಲ್ಲ. ಕೇರಿಯ ಬಹುಪಾಲು ಜನ ಗೇಣಿದಾರರಾಗಿರಲಿಲ್ಲ, ಆಳಾಗಿದ್ದರು. ಹುದ್ದೆ ಹೋಯಿತು, ಜೀತ ಹೋಯಿತು ಅಂತ ಕಾಗದ ಹೇಳಿತು. ಕಣ ಮಾತ್ರ ಯಾರದಿತ್ತೋ ಅವರದೇ ಆಗಿ ಉಳಿಯಿತು.

ಕಣ ಇಲ್ಲದವರಿಗೆ ಕಣ ಕೊಟ್ಟದ್ದು ಟಾರು ರಸ್ತೆ. ಮೂರು ಗುಂಟೆ, ಅರ್ಧ ಎಕರೆಯವರು ಸಿವುಡನ್ನು ರಸ್ತೆಗೆ ಹಾಸಿದರು. ಬಸ್ಸು ಲಾರಿಗಳು ಗುಂಡು ಹೊಡೆದವು. ಅಪಘಾತ ಆಗುತ್ತದೆ, ರಸ್ತೆ ಮೇಲೆ ಒಕ್ಕಣೆ ಮಾಡಬೇಡಿ ಅಂತ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ. ಅಪಘಾತ ಆಗುವುದು ನಿಜ. ಹಾಗಾದರೆ ಎಲ್ಲಿ ಒಕ್ಕಬೇಕು ಅಂತ ಹೇಳುವವರು ಕಡಿಮೆ.

ಇನ್ನು ಅಳತೆಯ ಮಾತು. ಇದನ್ನು ನಮ್ಮ ಶಿಕ್ಷಕ ಗೆಳೆಯರು ಲೆಕ್ಕದ ಪಾಠದಲ್ಲೇ ಹೇಳಬಹುದು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುವಾಗ ತೇವಾಂಶ ನೂರಕ್ಕೆ 12ರ ಒಳಗಿರಬೇಕು, ಭತ್ತಕ್ಕೆ 17ರ ಒಳಗೆ. ನೂರಕ್ಕೆ 20 ತೇವ ಇರುವ 10 ಕಿಲೋ ರಾಗಿಯನ್ನು 12ಕ್ಕೆ ಒಣಗಿಸಿದರೆ ಉಳಿಯುವುದು 9 ಕಿಲೋ ಚಿಲ್ಲರೆ. ಅಂದರೆ ಹತ್ತು ಕಿಲೋದಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಬರೀ ನೀರು. ವ್ಯಾಪಾರಿಗೆ ಇದು ಗೊತ್ತು, ಅಂಗೈಯಲ್ಲಿ ಉಜ್ಜಿ, ಹಲ್ಲಲ್ಲಿ ಕಡಿದು ನೋಡಿ ಬೆಲೆ ಮುರಿಯುತ್ತಾನೆ. ಆದರೆ ಕುಯ್ಲಿಗೆ ಹೋದ ನಮ್ಮ ಹೆಂಗಸರಿಗೆ ಕಾಳಿನ ಕೂಲಿ ಅಳೆದಾಗ ಆ ನೀರನ್ನು ಕಳೆದು ಲೆಕ್ಕ ಹಾಕಿದ ಧಣಿಯನ್ನು ನಾನು ಕಾಣೆ. ಸೇರಿನಲ್ಲಿ ಅಳೆದರಂತೂ ನೆನೆದು ಉಬ್ಬಿದ ಕಾಳು ಬೇಗ ತುಂಬುತ್ತದೆ. ಮಾರುವಾಗ ತೇವಕ್ಕೆ ಒಂದು ನ್ಯಾಯ, ಕೂಲಿ ಕೊಡುವಾಗ ಇನ್ನೊಂದು. ನೂರಾರು ವರ್ಷ ಕೇರಿ ಹೊತ್ತು ತಂದ ಕೂಲಿಯಲ್ಲಿ ಎಷ್ಟು ಕಾಳು, ಎಷ್ಟು ನೀರು? ಈ ಲೆಕ್ಕ ಯಾವ ಶಾನುಭೋಗನ ಕಡತದಲ್ಲೂ ಇಲ್ಲ.

ಈಗ ಕಣ್ಣಾರೆ ಕಂಡದ್ದು. 2021ರ ನವೆಂಬರಿನಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲೆಲ್ಲ ಮಳೆ ಬಿಡದೆ ಹಿಡಿಯಿತು. ಕುಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ, ತೆನೆಯಲ್ಲೇ ಹಸಿರು ಮೊಳಕೆ ಬಂತು. ಆ ವರ್ಷ ನಮ್ಮಪ್ಪ ಒಂದೆಕರೆ ವಾರಕ್ಕೆ ಮಾಡಿದ್ದ. ಬಾಯಿ ಮಾತಿನ ವಾರ, ಬೆಳೆದದ್ದರಲ್ಲಿ ಅರ್ಧ. ಕೆಸರಿನಲ್ಲಿ ಯಂತ್ರ ಇಳಿಯಲಿಲ್ಲ. ಮೊಣಕಾಲುದ್ದ ಹೂತು ಅವ್ವ, ಅಕ್ಕ, ನಾನು ಬರೀ ತೆನೆ ಮುರಿದೆವು. ಜಮೀನಿನವರ ಮನೆ ಹಿಂದೆ ಶೀಟು ಹೊದಿಸಿದ ಸಿಮೆಂಟು ಕಣ ಇತ್ತು. ಅಪ್ಪ ಹೋಗಿ ತಲೆ ಕೆರೆದು ನಿಂತ. "ನಮ್ಮದು ಒಣಗ್ಲಿ ಕಣೋ, ಆಮೇಲ್ ನೋಡಾನ" ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಅವರ ರಾಗಿಯೂ ನೆಂದಿತ್ತು. ಆದರೆ ನೆಂದದ್ದರಲ್ಲೂ ಸರದಿ ಇರುತ್ತದೆ, ಆ ಸರದಿಯಲ್ಲಿ ನಾವು ಯಾವಾಗಲೂ "ಆಮೇಲೆ". ನಮ್ಮ ಮನೆ ಒಂದೇ ಅಂಕಣ. ಒಲೆ ಮುಂದೆ ಒಂದು ಮೊರ, ಅಟ್ಟದ ಮೇಲೆ ಒಂದು ಚೀಲ, ಬಾಣಲೆಯಲ್ಲಿ ಹುರಿದದ್ದು ಇಷ್ಟು. ಮಿಕ್ಕದ್ದು ಮೂಲೆಯಲ್ಲಿ ಕಾವೇರಿ ಹುಳಿ ವಾಸನೆ ಹೊಡೆಯಿತು.

ಆಗ ಕೇರಿಯ ಹೆಂಗಸರು ಅಂಬೇಡ್ಕರ್ ಭವನದ ಬೀಗ ತೆಗೆಸಿದರು. ನಮ್ಮ ಕೇರಿಗೆಲ್ಲ ಸೇರಿ ಇದ್ದ ಒಣ ನೆಲ ಅದೊಂದೇ. ಹನ್ನೊಂದು ಮನೆಯವರು. ನಾನು ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದೆ, ಹನ್ನೊಂದು ಪಾಲು ಸಮಸಮ. ಒಂದು ವಾರ ಹಗಲೂ ರಾತ್ರಿ ಸರದಿ ಮೇಲೆ ಕಾಲಾಡಿಸಿ ತಿರುವಿದೆವು. ಉಳಿದದ್ದು ಅರ್ಧಕ್ಕಿಂತ ಕಡಿಮೆ, ಮುದ್ದೆ ಸರಿಯಾಗಿ ಕಟ್ಟಲಿಲ್ಲ. ಆದರೂ ಉಂಡೆವು. ಕಣದ ಅಂಚಿನಲ್ಲಿ ನಿಂತು ಗುಡಿಸಿಕೊಂಡು ಬಂದವರ ಮೊಮ್ಮಕ್ಕಳು ಆ ವಾರ ಕಣದ ನಡುವೆ ನಿಂತಿದ್ದರು. ಅವ್ವ ಗೋಡೆಯ ಮೇಲಿನ ಪಟ ನೋಡಿ, "ಯಪ್ಪಾ, ನಿನ್ ಮನೇಲೆ ಹರವಿದೀವಿ, ಬೈಕೋಬ್ಯಾಡ" ಅಂದಳು.

ಡಿಸೆಂಬರಿನಲ್ಲಿ ಸರ್ಕಾರ ಪರಿಹಾರ ಹೆಚ್ಚಿಸಿತು. ಮಳೆಯಾಧಾರದ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಇದ್ದದ್ದು 13,600 ಆಯಿತು. ಅಂದರೆ ಎಕರೆಗೆ ಸುಮಾರು ಐದೂವರೆ ಸಾವಿರ. ಅದು ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಗೇಣಿಯೇ ಇರಬಾರದು ಅಂತ ಕಾನೂನು ಇರುವುದರಿಂದ ವಾರಕ್ಕೆ ಮಾಡಿದವನು ಕಾಗದದಲ್ಲಿ ಇಲ್ಲವೇ ಇಲ್ಲ. ಹೊಲ ನೆನೆಯಿತು ಅಂತ ದಾಖಲೆಯಾಯಿತು. ಹೊಲದಲ್ಲಿ ನೆನೆದವರು ದಾಖಲೆಯಾಗಲಿಲ್ಲ.

ಗೆಳೆಯರೇ, ನಾನು ಕೇಳುವುದು ದೊಡ್ಡದೇನಲ್ಲ. ಭೂಮಿಯ ಹೋರಾಟ ಇದ್ದೇ ಇದೆ, ಅದು ನಡೆಯಲಿ. ಅದರ ಜೊತೆಗೆ ಪ್ರತಿ ಕೇರಿಯ ಪಕ್ಕ ಸರ್ಕಾರಿ ಜಾಗದಲ್ಲಿ ಮಾಡು ಇರುವ ಒಂದು ಸಾಮೂಹಿಕ ಕಣ ಆಗಬೇಕು. ಉದ್ಯೋಗ ಖಾತರಿಯ ದುಡ್ಡಿನಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯ್ತಿಗಳು ಉಂಟು, ಆದ್ದರಿಂದ ಆಗದ ಮಾತಲ್ಲ. ಬೆಳೆ ನಷ್ಟ ಬರೆದುಕೊಳ್ಳಲು ಬಂದವರು ಹೊಲದಲ್ಲಿ ಯಾರು ದುಡಿದರು ಅಂತಲೂ ಕೇಳಿ ಬರೆಯಬೇಕು. ಕಾಳಿನ ಕೂಲಿಯನ್ನು ಒಣ ಲೆಕ್ಕದಲ್ಲೇ ಅಳೆಯಬೇಕು.

ಶಿಕ್ಷಕರಾದ ಗೆಳೆಯರಿಗೆ ಇನ್ನೊಂದು ಮಾತು. ಮುಂದಿನ ಸಲ ಕಾರ್ತಿಕದಲ್ಲಿ ಮಳೆ ಹಿಡಿದಾಗ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ನಿಮ್ಮ ಮನೆ ರಾಗಿ ಎಲ್ಲಿ ಒಣಗ್ತಿದೆ?" ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆ, ಇಸವಿ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬುಕಾನನ್ ಕಂಪೆನಿಗಾಗಿ ಬರೆದ. ನಾವು ನಮಗಾಗಿ ಬರೆದುಕೊಳ್ಳೋಣ.